ಗೆದ್ದವರ ಲಿಪಿ, ಊರಿನ ದೇವರು

ಕೋಲಾರ ತಾಲ್ಲೂಕಿನ ವಕ್ಕಲೇರಿಯನ್ನು ಸುತ್ತಣ ಜನ ಬಲ್ಲುದು ಅಲ್ಲಿಯ ಬೆಟ್ಟದ ಮಾರ್ಕಂಡೇಶ್ವರನಿಂದ. ಶಾಸನಾಭ್ಯಾಸಿಗಳಿಗಾದರೋ ಅದು ತಾಮ್ರಪಟಗಳ ಊರು. ಬಾದಾಮಿ ಚಾಲುಕ್ಯರ ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮನು ಕ್ರಿ.ಶ. 757ರಲ್ಲಿ ಹೊರಡಿಸಿದ ಸಂಸ್ಕೃತ ಶಾಸನ ದೊರೆತದ್ದು ಇಲ್ಲಿ. ದಾನವಾಗಿ ಕೊಟ್ಟ ಸುಳ್ಳಿಯೂರು ದೂರದ ಪಾನುಂಗಲ್ ವಿಷಯಕ್ಕೆ, ಎಂದರೆ ಇಂದಿನ ಹಾನಗಲ್ಲಿನ ಸೀಮೆಗೆ ಸೇರಿದ್ದು. ನನ್ನನ್ನು ಈ ಶಾಸನದ ಕಡೆಗೆ ಮತ್ತೆ ಮತ್ತೆ ಎಳೆದದ್ದು ಅದರ ದಾನಭಾಗವಲ್ಲ, ಪ್ರಶಸ್ತಿಭಾಗ. ಕೀರ್ತಿವರ್ಮನ ತಂದೆ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರನ್ನು ಸೋಲಿಸಿ ಕಂಚಿಯನ್ನು ಹೊಕ್ಕನು, ಆದರೆ ಅದನ್ನು ಹಾಳುಗೆಡವಲಿಲ್ಲ. ನರಸಿಂಹಪೋತವರ್ಮ ಕಟ್ಟಿಸಿದ ರಾಜಸಿಂಹೇಶ್ವರವೇ ಮೊದಲಾದ ಕಲ್ಲಿನ ದೇಗುಲಗಳಿಗೆ ಹೊನ್ನಿನ ರಾಶಿಯನ್ನು ಮರಳಿ ಒಪ್ಪಿಸಿದನು ಎಂಬ ಮಾತು ಅಲ್ಲಿದೆ.

ರಾಜಸಿಂಹೇಶ್ವರವೆಂದರೆ ಇಂದಿನ ಕೈಲಾಸನಾಥ ದೇವಾಲಯ. ಸುತ್ತಲಿನ ಕಿರುಗುಡಿಗಳ ಸಾಲಿನಲ್ಲಿ ಸೋಮಾಸ್ಕಂದ, ಭಿಕ್ಷಾಟನ, ತ್ರಿಪುರಾಂತಕ ಮೂರ್ತಿಗಳು ಒತ್ತೊತ್ತಾಗಿ ನಿಂತಿರುವ ಆ ಗುಡಿಯ ಮಂಟಪದ ಕಂಬವೊಂದರ ಮೇಲೆ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ದೇವರ ಸಿರಿಯನ್ನು ಕಂಡು, ಅದನ್ನು ತಾನು ಕೊಳ್ಳದೆ ದೇವರಿಗೇ ಬಿಟ್ಟನೆಂಬುದು ಅದರ ಸಾರ. ವಕ್ಕಲೇರಿಯ ಪಟ ಹೇಳುವುದನ್ನು ಕಂಚಿಯ ಕಂಬ ಸಮರ್ಥಿಸುತ್ತದೆ. ಕನ್ನಡದ ಅಧ್ಯಾಪಕರಾದ ನಾವು ಈ ಕಂಬದ ವಿಷಯವನ್ನು ತರಗತಿಗಳಲ್ಲಿ ಎಷ್ಟು ಉತ್ಸಾಹದಿಂದ ಹೇಳುತ್ತೇವೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ತಮಿಳು ನೆಲದ ಹೃದಯದಲ್ಲಿ ಕನ್ನಡ ಎಂಬ ಹೆಮ್ಮೆ ಅದು. ಗೆದ್ದವನ ಔದಾರ್ಯಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡವೆಂಬ ನಿಲುವೂ ಅದರ ಜೊತೆಗೇ ಬರುತ್ತದೆ.

ಅದೇ ತರಗತಿಯಿಂದ ವಿದ್ಯಾರ್ಥಿಗಳನ್ನು ಕೋಲಾರಮ್ಮನ ಗುಡಿಗೆ ಕರೆದೊಯ್ದರೆ ನಮ್ಮ ದನಿ ತಗ್ಗುತ್ತದೆ. ಅಲ್ಲಿನ ಗೋಡೆಗಳ ಮೇಲಿರುವುದು ರಾಜೇಂದ್ರ ಚೋಳನ, ಕುಲೋತ್ತುಂಗನ ಕಾಲದ ತಮಿಳು. ಇಟ್ಟಿಗೆಯ ಗುಡಿ ಕಲ್ಲಿನದಾದುದು, ಪೂಜೆಗೆ, ಮಠಕ್ಕೆ, ವ್ಯಾಕರಣದ ಪಾಠಕ್ಕೆ ದತ್ತಿಗಳು ಸಂದದ್ದು ಈ ಬರಹಗಳಲ್ಲಿವೆ. ಇವುಗಳಲ್ಲಿ ದೇವಿಯ ಹೆಸರು ಕೋಲಾರಮ್ಮನಲ್ಲ, ಪಿಡಾರಿ. ಇದನ್ನು ನಾವು 'ಚೋಳರ ಆಕ್ರಮಣದ ಕುರುಹು' ಎಂದು ಒಂದು ವಾಕ್ಯದಲ್ಲಿ ದಾಟಿಬಿಡುತ್ತೇವೆ. ಕಂಚಿಯಲ್ಲಿ ಭಕ್ತಿಯಾದದ್ದು ಕೋಲಾರದಲ್ಲಿ ಆಕ್ರಮಣವಾಗುವುದು ಹೇಗೆ? ಗೆದ್ದವನು ಸೋತವರ ದೇವರ ಮುಂದೆ ಬರೆಯಿಸಿದ ಎರಡು ಬರಹಗಳಿಗೆ ಎರಡು ಅಳತೆಗೋಲುಗಳನ್ನು ಹಿಡಿಯುವುದು ಶಾಸ್ತ್ರವಲ್ಲ, ಪಕ್ಷಪಾತ.

ಈ ಪ್ರಶ್ನೆಯನ್ನು ನಮ್ಮ ನೆಲದಲ್ಲೇ ಇಟ್ಟು ನೋಡಿದರೆ ಅಭಿಮಾನ ಅಡ್ಡ ಬರುತ್ತದೆ. ನಮ್ಮ ಹಂಗಿಲ್ಲದ ಒಂದು ಉದಾಹರಣೆ ಬೇಕೆನಿಸಿ ನಾನು ಈಜಿಪ್ಟಿನ ದೇಗುಲಗಳ ಉಬ್ಬುಶಿಲ್ಪಗಳ ಚಿತ್ರಸಂಪುಟಗಳನ್ನು ಹಿಡಿದು ಕುಳಿತೆ. ನೈಲ್ ನದಿಯ ಫಿಲೇ ದ್ವೀಪದ ಐಸಿಸ್ ದೇವಾಲಯವನ್ನು ಅಣೆಕಟ್ಟಿನ ನೀರಿನಿಂದ ಪಾರುಮಾಡಲು 1972ರಿಂದ 1980ರ ಅವಧಿಯಲ್ಲಿ ಬಿಚ್ಚಿ, ಪಕ್ಕದ ಅಗಿಲ್ಕಿಯ ದ್ವೀಪದಲ್ಲಿ ಮತ್ತೆ ಕಟ್ಟಿದರು. ಅದರ ಮೊದಲ ಮಹಾದ್ವಾರದ ಮೇಲೆ ಗ್ರೀಕ್ ಮೂಲದ ಹನ್ನೆರಡನೆಯ ಟಾಲೆಮಿ ಹಗೆಗಳ ಮುಡಿ ಹಿಡಿದು ಗದೆಯೆತ್ತಿ ನಿಂತಿದ್ದಾನೆ. ಅವನ ಉಡುಗೆ, ಕಿರೀಟ, ನಿಂತ ಭಂಗಿ ಯಾವುದೂ ಗ್ರೀಕರದಲ್ಲ. ಅವನಿಗಿಂತ ಸಾವಿರಾರು ವರ್ಷ ಹಿಂದಿನ ಫೇರೋಗಳದು. ರೋಮಿನ ಚಕ್ರವರ್ತಿಗಳೂ ಹೀಗೆಯೇ. ಕಲಾಬ್ಶಾದ ದೇವಾಲಯದಲ್ಲಿ ಅಗಸ್ಟಸ್ ನುಬಿಯಾದ ಮಂಡೂಲಿಸ್ ದೇವರಿಗೆ ಕಾಣಿಕೆ ಸಲ್ಲಿಸುತ್ತಾನೆ. ಕ್ರಿ.ಪೂ. 30ರಲ್ಲಿ ಈಜಿಪ್ಟನ್ನು ಗೆದ್ದ ಇದೇ ಅಗಸ್ಟಸ್ ಅಲ್ಲಿಯ ಪವಿತ್ರ ಹೋರಿ ಏಪಿಸನ್ನು ಕಾಣಲೊಲ್ಲದೆ, ತಾನು ಪೂಜಿಸುವುದು ದೇವರನ್ನೇ ಹೊರತು ದನಗಳನ್ನಲ್ಲ ಎಂಬರ್ಥದ ಮಾತಾಡಿದನೆಂದು ಇತಿಹಾಸಕಾರ ಡಿಯೊ ಕ್ಯಾಸಿಯಸ್ ಬರೆದಿದ್ದಾನೆ. ಗೋಡೆಯ ಅಗಸ್ಟಸ್‌ಗೂ ಈ ಅಗಸ್ಟಸ್‌ಗೂ ಏನು ಸಂಬಂಧ?

ಸಂಬಂಧ ಇರಬೇಕಾಗಿಯೇ ಇರಲಿಲ್ಲ. ದೇವರಿಗೆ ಕಾಣಿಕೆ ಸಲ್ಲಿಸುವ ಹಕ್ಕು ಅರಸನದು, ಪೂಜಾರಿ ಅವನ ಪರವಾಗಿ ಮಾಡುವವನು ಎಂಬುದು ಆ ದೇಗುಲಗಳ ಕಟ್ಟಳೆ. ಆದ್ದರಿಂದ ಗೋಡೆಯ ಮೇಲೆ ಒಬ್ಬ ಅರಸ ಬೇಕು. ಆತ ಯಾರು, ಏನನ್ನು ನಂಬುತ್ತಾನೆ ಎಂಬುದು ಗೌಣ. ಅರಸನ ಹೆಸರನ್ನು ಕಾರ್ತೂಷ್ ಎಂಬ ಅಂಡಾಕಾರದ ಚೌಕಟ್ಟಿನೊಳಗೆ ಕೆತ್ತುತ್ತಿದ್ದರು. ದೆಂದೆರಾದ ಹಾಥೋರ್ ದೇವಾಲಯದಲ್ಲಿ ಆ ಚೌಕಟ್ಟುಗಳೆಷ್ಟೋ ಬರಿದಾಗಿವೆ. ಅರಸನ ಆಕೃತಿಯಿದೆ, ಕೈಯಲ್ಲಿ ಕಾಣಿಕೆಯಿದೆ, ಎದುರಿಗೆ ದೇವಿಯಿದ್ದಾಳೆ. ಹೆಸರಿನ ಜಾಗ ಮಾತ್ರ ಖಾಲಿ. ಅರಸೊತ್ತಿಗೆಯ ಗೊಂದಲದಲ್ಲಿ ಯಾರ ಹೆಸರು ಬರೆಯಬೇಕೆಂದು ತೋರದಿದ್ದಾಗಲೂ ಶಿಲ್ಪಿ ದೇವಿಯನ್ನು ಬಿಡಲಿಲ್ಲ. ಆ ಖಾಲಿ ಚೌಕಟ್ಟುಗಳ ಮುಂದೆ ನಮ್ಮ ರಾಜವಂಶಕೇಂದ್ರಿತ ಚರಿತ್ರೆಯ ಪಾಠಪಟ್ಟಿ ತುಸು ಹಾಸ್ಯಾಸ್ಪದವಾಗಿ ಕಾಣುತ್ತದೆ.

ಈ ಬೆಳಕನ್ನು ಹಿಡಿದು ಕೋಲಾರಕ್ಕೆ ಮರಳಿದರೆ ಒಂದು ವ್ಯತ್ಯಾಸ ಎದ್ದು ತೋರುತ್ತದೆ. ನೈಲ್ ತೀರದಲ್ಲಿ ಗೆದ್ದವನು ದೇವರ ಲಿಪಿಗೆ ಒಳಗಾದ. ರೋಮಿನ ಬಿರುದುಗಳನ್ನೂ ಅಲ್ಲಿಯ ಚಿತ್ರಲಿಪಿಯಲ್ಲೇ ಕೆತ್ತಿದರು. ನಮ್ಮಲ್ಲಿ ಗೆದ್ದವನು ತನ್ನ ಲಿಪಿಯನ್ನೂ ನುಡಿಯನ್ನೂ ದೇವರ ಗೋಡೆಗೆ ತಂದ. ಆದರೆ ಎರಡೂ ಕಡೆ ಮೂರ್ತಿ ಅದೇ ಊರಿನದಾಗಿ ಉಳಿಯಿತು. ಕೋಲಾರಮ್ಮನ ಗುಡಿಯ ಸಪ್ತಮಾತೃಕೆಯರನ್ನು ಗುರುತಿಸಲು ತಮಿಳಾಗಲಿ ಕನ್ನಡವಾಗಲಿ ಬೇಕಿಲ್ಲ. ಹಂದಿಮೊಗದವಳು ವಾರಾಹಿ, ಮೂರು ಮೊಗದವಳು ಬ್ರಾಹ್ಮಿ, ಕಂಕಾಳರೂಪಿ ಚಾಮುಂಡೆ. ಇದು ಶಿಲ್ಪಿಯ ಬರಹ. ಚೋಳರ ಅಧಿಕಾರಿಗಳು ಪಿಡಾರಿಯೆಂದು ಬರೆಸಿದರು. ಬಳಿಕ ಹೊಯ್ಸಳರು ಬಂದರು, ವಿಜಯನಗರದವರು ಬಂದರು. ತೆಲುಗು, ಕನ್ನಡ, ತಮಿಳು ಬೆರೆತ ಆ ಸೀಮೆಯ ಒಕ್ಕಲುಮಕ್ಕಳ ಬಾಯಲ್ಲಿ ಆಕೆ ಊರಿನ ಹೆಸರಿನ ಅಮ್ಮನಾಗಿಯೇ ಇದ್ದಾಳೆ. ಕಂಚಿಯ ಕಂಬದ ಕನ್ನಡವೂ ಇದೇ ಬಗೆಯದು: ಅದು ಕೈಲಾಸನಾಥನನ್ನು ಕನ್ನಡದವನನ್ನಾಗಿ ಮಾಡಲಿಲ್ಲ, ಮಾಡುವ ಅಗತ್ಯವೂ ಅದಕ್ಕಿರಲಿಲ್ಲ.

ಅದೇ ಗುಡಿಯ ಇನ್ನೊಂದು ಗರ್ಭದಲ್ಲಿ ಚೇಳಮ್ಮನಿದ್ದಾಳೆ. ಈಜಿಪ್ಟಿನವರಿಗೂ ಸೆರ್ಕೆತ್ ಎಂಬ ಚೇಳಿನ ದೇವಿಯಿದ್ದಳು; 1922ರಲ್ಲಿ ಬೆಳಕಿಗೆ ಬಂದ ತೂತನ್‌ಖಾಮುನ್ ಸಮಾಧಿಯ ಚಿನ್ನದ ಲೇಪದ ಮೂರ್ತಿಯಲ್ಲಿ ಅವಳ ತಲೆಯ ಮೇಲೆ ಚೇಳಿದೆ. ಇಬ್ಬರನ್ನೂ ಒಂದೇ ಮೂಲದವರೆಂದು ಸಾಧಿಸಹೊರಡುವ ಉತ್ಸಾಹಿಗಳಿಗೆ ನಾನು ಹೇಳುವುದಿಷ್ಟೆ: ಕಲ್ಲು ಎತ್ತುವ, ಬರಿಗಾಲಲ್ಲಿ ನಡೆಯುವ ಜನರಿದ್ದಲ್ಲಿ ಚೇಳಿನ ಭಯಕ್ಕೆ ವಲಸೆಯ ಸಿದ್ಧಾಂತ ಬೇಡ. ಹೋಲಿಕೆಗಿಂತ ಇಲ್ಲಿ ವ್ಯತ್ಯಾಸವೇ ನಮಗೆ ಹೆಚ್ಚು ಕಲಿಸುತ್ತದೆ. ಸೆರ್ಕೆತ್‌ಳ ಹೆಸರಿನಲ್ಲಿ ವಿಷವಿಳಿಸುವ ಮಂತ್ರಗಳು ಪೆಪಿರಸ್ ಮೇಲೂ ಕಲ್ಲಿನ ಮೇಲೂ ಉಳಿದಿವೆ, ಆದರೆ ಹೇಳುವ ಬಾಯಿಗಳಿಲ್ಲ. ಫಿಲೇಯ ಗೋಡೆಯ ಮೇಲೆ ಕೊನೆಯ ಚಿತ್ರಲಿಪಿ ಬರಹ ಮೂಡಿದ್ದು ಕ್ರಿ.ಶ. 394ರಲ್ಲಿ. ಚೇಳಮ್ಮನ ಮುಂದೆ ನೆಲದೊಳಗೆ ಕೊರೆದ ಹುಂಡಿಗೆ ಕಾಣಿಕೆ ಹಾಕುವವರು ಇಂದಿಗೂ ಬರುತ್ತಾರೆ, ಏನನ್ನೋ ಹೇಳಿಕೊಳ್ಳುತ್ತಾರೆ. ಆ ಮಾತಿಗೆ ಶಾಸನವಿಲ್ಲ. 1905ರಲ್ಲಿ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಗೋಡೆಯ ತಮಿಳನ್ನು ದಾಖಲಿಸಿತು. ಹುಂಡಿಯ ಬಳಿ ಕುಳಿತವರ ತೆಲುಗು, ಕನ್ನಡಗಳನ್ನು ಅಷ್ಟೇ ಶಿಸ್ತಿನಿಂದ ದಾಖಲಿಸುವ ಕೆಲಸವನ್ನು ಈ ಸೀಮೆಯ ಕನ್ನಡ ವಿಭಾಗಗಳು ಗೋಡೆಯ ತಮಿಳನ್ನು ಓದಬಲ್ಲ ಗೆಳೆಯರೊಂದಿಗೆ ಕೂಡಿಯೇ ಕೈಗೊಳ್ಳಬೇಕಾಗಿದೆ.