ಟೆರೇಸಿನ ಮೂರು ಡ್ರಮ್ಮುಗಳು

ನಮ್ಮ ಮನೆಯ ಟೆರೇಸಿನಲ್ಲಿ ಮೂರು ನೀಲಿ ಡ್ರಮ್ಮುಗಳಿವೆ. ತಲಾ 200 ಲೀಟರಿನವು. 2024ರ ಮಾರ್ಚಿನಲ್ಲಿ ಕೊಂಡದ್ದು. ಆ ಬೇಸಿಗೆಯನ್ನು ಬೆಂಗಳೂರಿನವರು ಮರೆಯುವಂತಿಲ್ಲ. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಗಳೇ ಹೇಳಿದ್ದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಟ್ಯಾಂಕರಿನ ಹಾರ್ನ್ ಕೇಳಿದರೆ ಸಾಕು, ನಾನು, ಸೊಸೆ, ಮೊಮ್ಮಗಳು ಪುಟ್ಟಿ ಮೂವರೂ ಬಕೆಟ್ಟು, ಬಿಂದಿಗೆ ಹಿಡಿದು ಓಡುತ್ತಿದ್ದೆವು. ಡ್ರಮ್ಮು ತುಂಬಿದ ದಿನ ಮನೆಯಲ್ಲಿ ಹಬ್ಬದ ಕಳೆ.

ಜೂನ್ 2ರಂದು, ಭಾನುವಾರ, ಮಳೆ ಬಂತು. ಬಂತೆಂದರೆ ಹಾಗೆ ಹೀಗೆ ಬರಲಿಲ್ಲ. ಒಂದೇ ದಿನ 111 ಮಿಲಿಮೀಟರ್! ನೂರು ವರ್ಷಗಳಿಗೂ ಹಿಂದಿನ ದಾಖಲೆ ಮುರಿಯಿತಂತೆ. ನಲ್ಲಿಯಲ್ಲಿ ನೀರು ಬರತೊಡಗಿತು, ನಾವು ಡ್ರಮ್ಮುಗಳನ್ನು ಮರೆತೆವು. ಒಂದರ ಮುಚ್ಚಳ ತುಳಸಿ ಕುಂಡದ ಕೆಳಗೆ ಸೇರಿತು, ಇನ್ನೊಂದರ ಮೇಲೆ ಸೊಸೆ ಸಂಡಿಗೆ ಒಣಗಿಸಿದಳು. ಮೂರನೆಯದು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ಜೂನ್ 11ಕ್ಕೆ ಆ ಸುದ್ದಿ ಬಂತು. ಹೆಸರಾಂತ ನಟರೊಬ್ಬರು ಕೊಲೆ ಪ್ರಕರಣದಲ್ಲಿ ಬಂಧನವಾದ ಸುದ್ದಿ. ಹೆಸರು ಬೇಡ, ಅದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಒಬ್ಬ ಯುವಕ ಪ್ರಾಣ ಕಳೆದುಕೊಂಡಿದ್ದ, ಅದು ಸುದ್ದಿಯಾಗಲೇಬೇಕು, ತನಿಖೆಯೂ ಆಗಲೇಬೇಕು. ಆದರೆ ನಿಜ ಹೇಳುತ್ತೇನೆ, ನಾನು ಟಿ.ವಿ. ಮುಂದೆ ಕೂತದ್ದು ಆ ಹುಡುಗನಿಗಾಗಿ ಅಲ್ಲ. ಆತನ ಊರು ಯಾವುದೆಂಬುದೂ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ನಟರು ತಿಂದದ್ದೇನು, ಮಲಗಿದ್ದೆಲ್ಲಿ, ಯಾರು ನೋಡಲು ಬಂದರು, ಅವರ ಮುಖ ಬಾಡಿತ್ತೇ, ಇವೆಲ್ಲ ನನಗೆ ಬೇಕಿತ್ತು. ಪೊಲೀಸ್ ಠಾಣೆಗೆ ಶಾಮಿಯಾನ ಕಟ್ಟಿ ಮರೆಮಾಡಿದಾಗ ಚಾನೆಲ್ಲುಗಳು ಆ ಶಾಮಿಯಾನವನ್ನೇ ತೋರಿಸಿದವು. ನಾನು ಗಂಟೆಗಟ್ಟಲೆ ಶಾಮಿಯಾನ ನೋಡಿದೆ! ಬೆಳಿಗ್ಗೆ ಪಾರ್ಕಿನಲ್ಲಿ ನಾವು ನಾಲ್ಕು ಜನ ನಿವೃತ್ತರು ಕಲ್ಲುಬೆಂಚಿನ ಮೇಲೆ ಕೂತು ಅದನ್ನೇ ಮತ್ತೆ ಅಗಿಯುತ್ತಿದ್ದೆವು. ಜೈಲಿನ ಕೈದಿ ಸಂಖ್ಯೆಯನ್ನು ಅಭಿಮಾನಿಗಳು ಗಾಡಿಗಳ ಮೇಲೆ ಅಂಟಿಸಿಕೊಂಡರಲ್ಲ, ಅಂಟಿಸಿಕೊಳ್ಳದ ನನಗೂ ಅದು ಬಾಯಿಪಾಠವಾಗಿತ್ತು.

ಜೂನ್ ಕೊನೆಯ ವಾರ, ಮಧ್ಯಾಹ್ನ ಹನ್ನೊಂದೂವರೆ ಇರಬಹುದು, ಕರೆಗಂಟೆ ಬಾರಿಸಿತು. ಗುಲಾಬಿ ಸೀರೆ ಉಟ್ಟ ಆಶಾ ಕಾರ್ಯಕರ್ತೆ ಕೈಯಲ್ಲಿ ಟಾರ್ಚು, ಪುಸ್ತಕ ಹಿಡಿದು ನಿಂತಿದ್ದರು. ಬಿಸಿಲಿಗೆ ಹಣೆಯೆಲ್ಲ ಬೆವರು.

"ಸಾರ್, ಡೆಂಗಿ ಸರ್ವೆ. ಮೇಲೆ ಡ್ರಮ್ಮು, ತೊಟ್ಟಿ ಏನಾದ್ರೂ ಇದ್ಯಾ? ಒಂದ್ನಿಮಿಷ ನೋಡ್ಬಿಟ್ಟು ಹೋಗ್ತೀನಿ."

ಒಳಗೆ ಟಿ.ವಿ.ಯಲ್ಲಿ 'ಇದೀಗ ಬಂದ ಸುದ್ದಿ' ಎಂದು ಕೂಗುತ್ತಿತ್ತು.

"ನಮ್ಮನೇಲಿ ಎಲ್ಲ ಕ್ಲೀನಾಗಿದೆಯಮ್ಮ. ಆಮೇಲೆ ಬಾ" ಎಂದು ಬಾಗಿಲು ಹಾಕಿಕೊಂಡೆ. ಒಂದು ಲೋಟ ನೀರು ಬೇಕೇ ಎಂದೂ ಕೇಳಲಿಲ್ಲ. ಇದೀಗ ಬಂದ ಸುದ್ದಿ ಏನೆಂದು ಈಗ ಎಷ್ಟು ನೆನಪಿಸಿಕೊಂಡರೂ ನೆನಪಾಗುತ್ತಿಲ್ಲ.

ಹತ್ತು ಹನ್ನೆರಡು ದಿನಕ್ಕೆ ಪುಟ್ಟಿಗೆ ಜ್ವರ ಬಂತು. 103 ಡಿಗ್ರಿ. ಕಣ್ಣಿನ ಹಿಂದೆ ನೋವು, ಕೈಕಾಲು ಮುರಿದ ಹಾಗೆ ಸಂಕಟ. ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು. ನಾಲ್ಕನೆಯ ದಿನ ಜ್ವರ ಇಳಿಯಿತು, ನಾವು ದೇವರಿಗೆ ಕೈಮುಗಿದೆವು. ಡಾಕ್ಟರು ಮಾತ್ರ, "ಈಗಲೇ ಹುಷಾರಾಗಿರಬೇಕು, ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಕಷ್ಟದ್ದು" ಎಂದರು. ಹಾಗೇ ಆಯಿತು. ಹೊಟ್ಟೆನೋವು, ವಾಂತಿ. ಒಂದೂವರೆ ಲಕ್ಷ ಇರಬೇಕಾದ ಪ್ಲೇಟ್‌ಲೆಟ್ 42,000ಕ್ಕೆ ಇಳಿಯಿತು. ಮೂರು ರಾತ್ರಿ ಆಸ್ಪತ್ರೆಯಲ್ಲಿ ಡ್ರಿಪ್ಪಿನ ಹನಿ ಎಣಿಸುತ್ತ ಕೂತೆ. ವಾರ್ಡಿನ ತುಂಬ ಇದೇ ಕಾಯಿಲೆಯ ಮಕ್ಕಳು. ಕಾರಿಡಾರಿನಲ್ಲಿ ಒಂದು ಟಿ.ವಿ. ಇತ್ತು, ಅದರಲ್ಲಿ ಅದೇ ನಟರು, ಅದೇ ಜೈಲು. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಕಾಫಿ ತರಲು ಹೋದವನು ಹತ್ತು ನಿಮಿಷ ಅಲ್ಲೇ ನಿಂತುಬಿಟ್ಟಿದ್ದೆ. ಸೊಸೆ ಬಂದು, "ಮಾವ, ಪುಟ್ಟಿ ಕೇಳ್ತಿದ್ದಾಳೆ" ಎಂದು ಕರೆದುಕೊಂಡು ಹೋದಳು. ಬೇರೇನೂ ಹೇಳಲಿಲ್ಲ.

ಸಿಟ್ಟು ಬಂತು. ನಮ್ಮ ಬೀದಿಯ ಮೂಲೆಯಲ್ಲಿ ಖಾಲಿ ಸೈಟಿದೆ, ಅಲ್ಲಿ ಹಳೇ ಟೈರು, ಎಳನೀರು ಚಿಪ್ಪು. ಕಾರ್ಪೊರೇಟರ್ ಅನ್ನು ಹಿಡಿದು ದಬಾಯಿಸಬೇಕೆಂದು ಮಗನಿಗೆ ಹೇಳಿದೆ. "ಯಾವ ಕಾರ್ಪೊರೇಟರ್ ಅಪ್ಪಾ? 2020ರ ಸೆಪ್ಟೆಂಬರಿಗೇ ಅವರ ಅವಧಿ ಮುಗೀತು. ಆಮೇಲೆ ಚುನಾವಣೆಯೇ ಆಗಿಲ್ಲ" ಎಂದ. ನನ್ನ ಊರಿಗೆ ನಾಲ್ಕು ವರ್ಷದಿಂದ ಚುನಾಯಿತ ಪಾಲಿಕೆಯಿಲ್ಲ, ನಾನು ಗಮನಿಸಿಯೇ ಇರಲಿಲ್ಲ! ಪಾಲಿಕೆಯ ಸಹಾಯವಾಣಿ 1533 ಎಂಬುದನ್ನೂ ಅವನೇ ಹೇಳಬೇಕಾಯಿತು. ಕೈದಿ ಸಂಖ್ಯೆಯೂ ನಾಲ್ಕೇ ಅಂಕಿ, ಇದೂ ನಾಲ್ಕೇ ಅಂಕಿ.

ಫೋನು ಮಾಡಿದೆ. ಎರಡು ದಿನಕ್ಕೆ ಬಂದವರು ಅದೇ ಆಶಾ ಕಾರ್ಯಕರ್ತೆ. ಮೂಲೆ ಸೈಟಿನ ಕಡೆ ಕೈ ತೋರಿಸಿದೆ. "ಅದನ್ನೂ ನೋಡೋಣ ಸಾರ್. ಈ ಸೊಳ್ಳೆ ಬಹಳ ದೂರ ಹಾರಲ್ಲ, ಮೊದಲು ನಿಮ್ಮ ಟೆರೇಸ್ ನೋಡ್ತೀನಿ" ಎಂದರು.

ಮೂರೂ ಡ್ರಮ್ಮುಗಳಲ್ಲಿ ಮಳೆನೀರು. ಕೊಳಕಲ್ಲ, ತಿಳಿನೀರು. ಅವರು ಟಾರ್ಚು ಬಿಟ್ಟರು. ಎಳ್ಳುಕಾಳಿಗಿಂತ ಸಣ್ಣ ತಲೆಯ, ದಾರದ ಚೂರಿನಂಥ ಹುಳುಗಳು ಬಳುಕುತ್ತ ಕೆಳಗಿಳಿದವು. ನೂರಾರು. ಪುಟ್ಟಿ ಮೆಟ್ಟಿಲ ಮೇಲೆ ಶಾಲು ಹೊದ್ದು ನಿಂತು ನೋಡುತ್ತಿದ್ದಳು. "ಇದು ನಮ್ಮದಾ ತಾತ?" ಎಂದಳು.

ನಾನೇ ಉರುಳಿಸಿದೆ. ಬಿಸಿಲು ಕಾದ ನೆಲದ ಮೇಲೆ ನೀರು ಹರಿಯಿತು, ಹುಳುಗಳು ಒದ್ದಾಡಿ ಒಣಗಿದವು. ಸುರಿದರೆ ಮುಗಿಯುವುದಿಲ್ಲವಂತೆ. ಮೊಟ್ಟೆಗಳು ಒಳಗೋಡೆಗೆ ಅಂಟಿರುತ್ತವೆ, ತಿಂಗಳುಗಟ್ಟಲೆ ಒಣಗಿಕೊಂಡೇ ಬದುಕಿರುತ್ತವೆ, ನೀರು ಬಿದ್ದೊಡನೆ ಒಡೆಯುತ್ತವೆ. ಅದಕ್ಕೇ ಬ್ರಷ್ಷಿನಿಂದ ಉಜ್ಜಬೇಕು. ಉಜ್ಜಿದೆ. ಅವರು ಕೂತು ಮಜ್ಜಿಗೆ ಕುಡಿದರು. ಆಗ ಹೆಸರು ಕೇಳಿ ಫೋನಿನಲ್ಲಿ ಬರೆದುಕೊಂಡೆ. ಆ ಬೀದಿಗಳಲ್ಲಿ ಅವರು ಐದು ವರ್ಷದಿಂದ ಓಡಾಡುತ್ತಿದ್ದರಂತೆ.

ಆ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ಪುಟ್ಟಿ ಪತ್ರಿಕೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ನನ್ನ ಮುಖ ನೋಡಿದಳು.

ಟಿ.ವಿ. ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಈಗಲೂ ನೋಡುತ್ತೇನೆ, ಈಗಲೂ ಯಾರದೋ ಮದುವೆ, ಯಾರದೋ ವಿಚ್ಛೇದನ ನನ್ನನ್ನು ಹಿಡಿದು ಕೂರಿಸುತ್ತದೆ. ಭಾನುವಾರ ಹತ್ತು ಗಂಟೆಗೆ ಮಾತ್ರ ಪುಟ್ಟಿ ರಿಮೋಟ್ ಕಿತ್ತುಕೊಂಡು ಟಾರ್ಚು ಕೊಡುತ್ತಾಳೆ. ಹೋದ ವಾರ ಕುಂಡದ ತಟ್ಟೆ, ಡ್ರಮ್ಮು ಎಲ್ಲ ನೋಡಿ ಕೆಳಗಿಳಿದು ಬಂದೆ.

"ಫ್ರಿಜ್ಜಿನ ಹಿಂದಿನ ಟ್ರೇ ನೋಡಿದ್ಯಾ ತಾತ?"

ನೋಡಿರಲಿಲ್ಲ. ಎಳೆದು ನೋಡಿದೆವು. ಎರಡು ಹುಳುಗಳಿದ್ದವು.