ಗೆದ್ದ ಮೇಲಿನ ಜಗಳ

ಸೋತವರು ಜಗಳವಾಡಿದರೆ ನನಗೆ ಅರ್ಥವಾಗುತ್ತದೆ. ಗೆದ್ದವರು ತಾವು ಗೆದ್ದ ಪಂದ್ಯಕ್ಕೇ ಕಿತ್ತಾಡುವುದನ್ನು ಬೆಳಗಿನ ಕಾಫಿಯ ಹೊತ್ತಿಗೆ ಕೇಳಿಸಿಕೊಳ್ಳಬೇಕಾಗಿ ಬಂದರೆ ಮಾತ್ರ ಮೈ ಉರಿಯುತ್ತದೆ. ಇವತ್ತು ಅದೇ ಆಯಿತು.

ಮಿಲಾನಿನಲ್ಲಿ ನಮ್ಮ ಬೀದಿಯ ತಿರುವಿಗೆ ಒಂದು ಬಾರ್ ಇದೆ. ಬಾರ್ ಅಂದರೆ ಇಲ್ಲಿ ಕಾಫಿ ಅಂಗಡಿ. ಕೌಂಟರಿಗೆ ಮೊಳಕೈ ಊರಿ ನಿಂತೇ ಕುಡಿದು ಹೊರಡುವುದು ರೂಢಿ. ಐಸ್‌ಕ್ರೀಮ್ ಪೆಟ್ಟಿಗೆಯ ಮುಚ್ಚಳದ ಮೇಲೆ ಗುಲಾಬಿ ಕಾಗದದ ‘ಗಜೆಟ್ಟಾ ಡೆಲ್ಲೊ ಸ್ಪೋರ್ಟ್’ ಪತ್ರಿಕೆ ಬಿಚ್ಚಿಕೊಂಡು ಬಿದ್ದಿರುತ್ತದೆ, ಯಾರು ಬೇಕಾದರೂ ಓದಬಹುದು. ಇವತ್ತು ಅದನ್ನು ಓದಲು ಜಾಗವೇ ಇರಲಿಲ್ಲ. ನೇಪಲ್ಸ್ ಕಡೆಯ ಇಬ್ಬರು ಹಿರಿಯರು ಪತ್ರಿಕೆಯ ಮೇಲೆಯೇ ಸಕ್ಕರೆ ಪೊಟ್ಟಣಗಳನ್ನು ಜೋಡಿಸಿಕೊಂಡು ನಿಂತಿದ್ದರು. ಕಂದು ಸಕ್ಕರೆಯ ಪೊಟ್ಟಣಗಳು ನೇಪಲ್ಸಿನ ನಾಪೋಲಿ ಫುಟ್‌ಬಾಲ್ ತಂಡ, ಬಿಳಿಯವು ಅಟಲಾಂಟಾ. ಖಾಲಿಯಾದ ಎಸ್ಪ್ರೆಸೊ ಕಪ್ಪೇ ನಾಪೋಲಿಯ ಮುಂಚೂಣಿ ಆಟಗಾರ ರೊಮೆಲು ಲುಕಾಕು. ಒಬ್ಬರು ಕಪ್ಪನ್ನು ಹಿಂದಕ್ಕೆ ಎಳೆದು, ಅದರ ಬೆನ್ನಿಗೇ ಒಂದು ಬಿಳಿ ಪೊಟ್ಟಣವನ್ನೂ ಎಳೆದು, ಅಲ್ಲಿ ಉಳಿದ ಖಾಲಿ ಜಾಗವನ್ನು ಬೆರಳಿನಿಂದ ಕುಟ್ಟಿ ತೋರಿಸುತ್ತಿದ್ದರು. ಇನ್ನೊಬ್ಬರು ಆ ಖಾಲಿ ಜಾಗವನ್ನು ಒಪ್ಪಲು ಸುತರಾಂ ತಯಾರಿರಲಿಲ್ಲ.

ಜಗಳ ನಿನ್ನೆಯ ಪಂದ್ಯಕ್ಕಾಗಿದ್ದರೆ ಸುಮ್ಮನಿರುತ್ತಿದ್ದೆ. ಅವರು ಹಿಡಿದುಕೊಂಡಿದ್ದು 2025ರ ಜನವರಿ 18ರ ರಾತ್ರಿಯ ಪಂದ್ಯವನ್ನು. ಇಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಬೆರ್ಗಾಮೊದಲ್ಲಿ, ಅಟಲಾಂಟಾದ ಅಂಗಳದಲ್ಲೇ, ನಾಪೋಲಿ 3-2ರಿಂದ ಗೆದ್ದ ಪಂದ್ಯ ಅದು. ಆಮೇಲೆ ಆ ಸೀಸನ್ನೇ ಮುಗಿಯಿತು. ನಾಪೋಲಿಗೆ 82 ಅಂಕ, ಇಂಟರ್‌ಗೆ 81. ಒಂದೇ ಅಂಕದಲ್ಲಿ ಪ್ರಶಸ್ತಿ ನೇಪಲ್ಸಿಗೆ ಹೋಯಿತು. ಊರಿಗೆ ಊರೇ ಕುಣಿದದ್ದೂ ಆಯಿತು. ಇನ್ನೇನು ಬೇಕು?

ಅವರಿಗೆ ಬೇಕಾದದ್ದು ವಿವರ. ಗ್ಯಾಸ್ಪೆರಿನಿ ತರಬೇತಿಯ ಅಟಲಾಂಟಾ ಮೈದಾನದ ತುಂಬ ಆಳಿಗೆ ಆಳು ಕಾಯುತ್ತಿದ್ದ ತಂಡ. ಜಾಗ ಕಾಯುವುದಲ್ಲ, ಮನುಷ್ಯನನ್ನು ಕಾಯುವುದು. ನೀನು ಎಲ್ಲಿಗೆ ಹೋದರೆ ನಾನೂ ಅಲ್ಲಿಗೆ. ಹಾಗಿದ್ದ ಮೇಲೆ ಲುಕಾಕು ಹಿಂದಕ್ಕೆ ಬಂದರೆ ಅವನ ಕಾವಲುಗಾರನೂ ಬರಲೇಬೇಕು, ತೆರವಾದ ಜಾಗಕ್ಕೆ ನಾಪೋಲಿಯ ಮ್ಯಾಕ್‌ಟಾಮಿನೆ ನುಗ್ಗಬೇಕು, ತರಬೇತುದಾರ ಕೊಂಟೆ ಇದನ್ನು ಮೊದಲ ನಿಮಿಷದಿಂದಲೇ ಮಾಡಿಸಬೇಕಿತ್ತು ಎಂದು ಮೊದಲನೆಯವರ ವಾದ. ಮ್ಯಾಕ್‌ಟಾಮಿನೆ ಹಾಗೆ ನುಗ್ಗಿದ್ದಕ್ಕೇ ಹಿಂದೆ ಬಾಗಿಲು ತೆರೆದುಕೊಂಡಿತು, ಅಟಲಾಂಟಾದ ಲುಕ್‌ಮನ್ 2-2 ಮಾಡಿದ ಎಂದು ಎರಡನೆಯವರ ವಾದ. ಕ್ವರತ್ಸ್‌ಖೆಲಿಯಾನನ್ನು ಪ್ಯಾರಿಸ್‌ಗೆ ಮಾರಿದ ಬೆನ್ನಿಗೇ ಆಡಿದ ಪಂದ್ಯ ಅದು, ಎಡಬದಿಯಲ್ಲಿ ಅವನಿಲ್ಲದೆ ಕೊಂಟೆ ಬೇರೆ ಲೆಕ್ಕವನ್ನೇ ಹಾಕಬೇಕಿತ್ತು ಎಂದು ಇಬ್ಬರೂ ಒಂದು ಕ್ಷಣ ಒಪ್ಪಿಕೊಂಡರು. ಮರುಕ್ಷಣವೇ ಆ ಲೆಕ್ಕ ಯಾವುದು ಎಂಬುದಕ್ಕೆ ಜಗಳ. 78ನೇ ನಿಮಿಷದಲ್ಲಿ ಅಂಗ್ವಿಸಾ ಹಾಕಿದ ಕ್ರಾಸಿಗೆ ಲುಕಾಕು ತಲೆ ಕೊಟ್ಟು ಗೆಲ್ಲಿಸಿದ್ದಕ್ಕೂ ತಕರಾರು: ನಡು ಕಾಯಬೇಕಾದ ಅಂಗ್ವಿಸಾ ಅಷ್ಟು ಮುಂದಕ್ಕೆ ಹೋಗಬಾರದಿತ್ತಂತೆ!

ಎದುರಾಳಿಯ ಅಂಗಳದಲ್ಲಿ ಗೆಲ್ಲುವುದು ಕಷ್ಟ, ಜನರ ಕೂಗು, ಪ್ರಯಾಣ, ರೆಫರಿಯ ಮೇಲಿನ ಒತ್ತಡ ಎಲ್ಲ ಇರುತ್ತದೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಬಿಡಿ. ನನ್ನನ್ನು ಕಾಡಿದ್ದು ಬೇರೆ. ತವರಿನಲ್ಲಿ ಗೆದ್ದ ಪಂದ್ಯಗಳನ್ನು ಇವರು ಹೀಗೆ ಸಿಪ್ಪೆ ಸುಲಿಯುವುದನ್ನು ನಾನು ಕೇಳಿಲ್ಲ. ಅಂಥ ಗೆಲುವಿಗೆ ಒಂದು ನಗು, ಒಂದು ಬೆನ್ನು ತಟ್ಟು, ಮುಗಿಯಿತು. ಹೊರಗೆ ಹೋಗಿ ಗೆದ್ದು ಬಂದರೆ ಮಾತ್ರ ಪಂಚಾಯಿತಿ ಕೂರುತ್ತದೆ. ಇದು ಯಾಕೆ?

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಬಾಯಿಗೆ ಬಂತು. ಅದರ ಹಿಂದೆಯೇ ಇಡೀ ವಿರಾಟಪರ್ವ ಬಂತು. ಉತ್ತರಕುಮಾರ ಅಂತಃಪುರದಲ್ಲಿ ಜಂಬ ಕೊಚ್ಚಿದ್ದು, ಕೌರವರ ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದ್ದು ನಮಗೆಲ್ಲ ಬಾಯಿಪಾಠ. ನನ್ನ ಮನಸ್ಸು ನಿಂತದ್ದು ಆಮೇಲಿನ ಭಾಗದಲ್ಲಿ. ಸಾರಥಿಯಾಗಿ ಬಂದಿದ್ದ ಬೃಹನ್ನಳೆ ಬಿಲ್ಲು ಹಿಡಿದು, ಬಿಲ್ಲು ಹಿಡಿಯಬೇಕಿದ್ದ ಉತ್ತರನನ್ನು ಸಾರಥಿ ಮಾಡಿದಳು. ಯುದ್ಧದ ನಡುವೆ ಇಬ್ಬರ ಜಾಗ ಅದಲುಬದಲು. ಗೆಲುವಿನ ಗುಟ್ಟೆಲ್ಲ ಅಲ್ಲೇ ಇತ್ತು. ಅತ್ತ ಅರಮನೆಯಲ್ಲಿ ಸುದ್ದಿ ಕೇಳಿದ ವಿರಾಟ ಹಿಗ್ಗಿ ಹೀರೇಕಾಯಿಯಾಗಿ ಕಂಕನ ಜೊತೆ ಪಗಡೆಗೆ ಕೂತ. ನನ್ನ ಮಗ ಗೆದ್ದ ಎಂದ. ಬೃಹನ್ನಳೆ ಸಾರಥಿಯಾಗಿದ್ದ ಮೇಲೆ ಗೆಲುವಿಗೇನು ಕೊರತೆ ಎಂದ ಕಂಕ. ವಿರಾಟನಿಗೆ ರೇಗಿತು. ಮಾತಿಗೆ ಮಾತು ಬೆಳೆದು ದಾಳ ಬೀಸಿ ಹೊಡೆದೇಬಿಟ್ಟ. ಕಂಕನ ವೇಷದ ಧರ್ಮರಾಯನಿಗೆ ರಕ್ತ ಬಂತು, ಅದು ನೆಲಕ್ಕೆ ಬೀಳದಂತೆ ದ್ರೌಪದಿ ಹಿಡಿದಳು.

ಗೆದ್ದ ಸುದ್ದಿ ಬಂದ ಮೇಲೆ, ಆ ರಣರಂಗ ಕಾಣದ ಇಬ್ಬರು, ಗೆಲುವು ಯಾರಿಂದ, ಹೇಗೆ ಬಂತೆಂದು ಹೊಡೆದಾಡಿಕೊಂಡ ಪ್ರಸಂಗ ಇದು. ಐಸ್‌ಕ್ರೀಮ್ ಪೆಟ್ಟಿಗೆಯ ಮೇಲಿನ ಜಗಳಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಬೇರೆ ಸಿಗಲಿಲ್ಲ. ಕಣ್ಣೆದುರಿನ ಗೆಲುವಿಗೆ ಸಾಕ್ಷಿ ಬೇಕಿಲ್ಲ, ಅಲ್ಲಿ ನಾವೇ ಇದ್ದೆವು, ನಮ್ಮ ಕೂಗೂ ಅದರಲ್ಲಿ ಸೇರಿತ್ತು. ದೂರದಲ್ಲಿ ಆದ ಗೆಲುವನ್ನು ಮಾತ್ರ ಕಾರಣ ಹುಡುಕಿ ಹುಡುಕಿ ನಮ್ಮದು ಮಾಡಿಕೊಳ್ಳಬೇಕು. ಹೇಗೆ ಬಂತೆಂದು ತಿಳಿಯದ ಗೆಲುವು ಅಭಿಮಾನಿಗೆ ದಕ್ಕುವುದಿಲ್ಲ.

ಇಲ್ಲಿಗೆ ಬಂದ ಮೇಲೆ ನಾನು ನನ್ನ ಪ್ರೀತಿಯ ವಿಷಯಕ್ಕೆ ಬರದೆ ಇರಲಾರೆ. ಇಟಲಿಯ ಪತ್ರಿಕೆಗಳಲ್ಲಿ ಹಿಂದೆ ಅಂಕಪಟ್ಟಿಯ ಕೊನೆಗೆ ಒಂದು ಸಣ್ಣ ಕಾಲಂ ಇರುತ್ತಿತ್ತು. ಹೆಸರು ‘ಮೀಡಿಯಾ ಇಂಗ್ಲೇಸೆ’, ಇಂಗ್ಲಿಷ್ ಸರಾಸರಿ. ಗೆಲುವಿಗೆ ಎರಡು ಅಂಕ, ಡ್ರಾಗೆ ಒಂದು ಇದ್ದ ಕಾಲದ ಲೆಕ್ಕ ಅದು. ತವರಿನಲ್ಲಿ ಗೆದ್ದರೆ ಸೊನ್ನೆ. ತವರಿನಲ್ಲಿ ಡ್ರಾ ಮಾಡಿಕೊಂಡರೆ ಒಂದು ಕಡಿತ, ಸೋತರೆ ಎರಡು ಕಡಿತ. ಹೊರಗೆ ಹೋಗಿ ಸೋತರೆ ಒಂದು ಕಡಿತ, ಡ್ರಾ ಮಾಡಿಕೊಂಡು ಬಂದರೆ ಸೊನ್ನೆ. ಹೊರಗೆ ಹೋಗಿ ಗೆದ್ದು ಬಂದರೆ ಕೂಡು ಒಂದು. ಆರು ಫಲಿತಾಂಶಗಳಲ್ಲಿ ಮೂರು ಕಳೆಯುತ್ತವೆ, ಎರಡು ಅಲ್ಲೇ ನಿಲ್ಲುತ್ತವೆ, ಕೂಡುವುದು ಒಂದೇ ಒಂದು: ಪರವೂರಿನ ಗೆಲುವು.

ಇಷ್ಟು ಚೊಕ್ಕವಾಗಿ ಆಟದ ನ್ಯಾಯವನ್ನು ಹೇಳುವ ಇನ್ನೊಂದು ಲೆಕ್ಕವನ್ನು ನಾನು ಕಂಡಿಲ್ಲ. ಮನೆಯಲ್ಲಿ ಗೆಲ್ಲುವುದು ಕರ್ತವ್ಯ, ಅದಕ್ಕೆ ಬಹುಮಾನವಿಲ್ಲ. ಹೊರಗೆ ಹೋಗಿ ತಲೆ ತಗ್ಗಿಸದೆ ಬಂದರೆ ಮರ್ಯಾದೆ ಉಳಿಯಿತು. ಗಳಿಕೆ ಅನ್ನುವುದೇನಿದ್ದರೂ ಹೊಸಿಲು ದಾಟಿದ ಮೇಲೆ. ಸಾಮಾನ್ಯ ಅಂಕಪಟ್ಟಿ ಯಾರಿಗೆ ಎಷ್ಟು ಸಿಕ್ಕಿತು ಎಂದಷ್ಟೇ ಹೇಳುತ್ತದೆ. ಒಂದು ತಂಡ ಹೊರಗೆ ಹೆಚ್ಚು ಪಂದ್ಯ ಆಡಿ ಬಂದಿದೆಯೋ, ಇನ್ನೂ ಆಡಬೇಕಿದೆಯೋ ಎಂಬ ತೂಕ ಈ ಕಾಲಮ್ಮಿನಲ್ಲಿ ಸಿಗುತ್ತಿತ್ತು. ಸೀಸನ್ನಿನ ನಡುವೆ ಎರಡು ತಂಡಗಳು ಒಂದೇ ಅಂಕದಲ್ಲಿ ನಿಂತಾಗ ಯಾರು ನಿಜವಾಗಿ ಮುಂದಿದ್ದಾರೆ ಎಂದು ಒಂದು ನೋಟಕ್ಕೆ ತಿಳಿಯುತ್ತಿತ್ತು. ಬಾರಿಗೆ ಬರುವ ಪ್ರತಿಯೊಬ್ಬನಿಗೂ ಈ ಗಣಿತ ಬರುತ್ತಿತ್ತು. ಟೊಟೊಕಾಲ್ಚೊ ಎಂಬ ಬಾಜಿಯ ಚೀಟಿಯಲ್ಲಿ 13 ಪಂದ್ಯಗಳಿಗೆ ತವರು ಗೆಲುವಾದರೆ 1, ಡ್ರಾ ಆದರೆ ಎಕ್ಸ್, ಪರವೂರಿನ ಗೆಲುವಾದರೆ 2 ಎಂದು ಬರೆದು ಹಣ ಕಟ್ಟಿದವರು ಅವರು. ಬಹುಮಾನದ ಮೊತ್ತ ಸರಿಯಾಗಿ ಊಹಿಸಿದವರ ನಡುವೆ ಹಂಚಿಕೆಯಾಗುತ್ತಿದ್ದರಿಂದ, ಹೆಚ್ಚಿನವರು ಊಹಿಸದ 2 ಬಿದ್ದ ಭಾನುವಾರವೇ ಒಬ್ಬನ ಕೈಗೆ ದೊಡ್ಡ ಗಂಟು ಬೀಳುತ್ತಿತ್ತು.

1994-95ರಲ್ಲಿ ಇಟಲಿಯಲ್ಲಿ ಗೆಲುವಿಗೆ ಮೂರು ಅಂಕ ಬಂತು. ಹಳೆಯ ಲೆಕ್ಕ ಅದಕ್ಕೆ ಹೊಂದಲಿಲ್ಲ, ಕಾಲಂ ನಿಧಾನವಾಗಿ ಮಾಯವಾಯಿತು. ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ, ಯಾಕೆಂದರೆ ಹೊಂದಿಸಿಕೊಳ್ಳುವುದು ಕಷ್ಟವೇ ಆಗಿರಲಿಲ್ಲ. ಈಗ 20 ತಂಡ, 38 ಪಂದ್ಯ. ತವರಿನ 19 ಗೆಲುವಿಗೆ 57, ಹೊರಗಿನ 19 ಡ್ರಾಗೆ 19, ಒಟ್ಟು 76. ಇದೇ ಸೊನ್ನೆಯ ಗೆರೆ. 2024-25ರಲ್ಲಿ ನಾಪೋಲಿ ಆ ಗೆರೆಗಿಂತ 6 ಮೇಲೆ, ಇಂಟರ್ 5 ಮೇಲೆ. ಬೆರ್ಗಾಮೊದ ಆ ರಾತ್ರಿ ಡ್ರಾ ಆಗಿದ್ದರೆ ನಾಪೋಲಿಗೆ ಎರಡು ಅಂಕ ಹೋಗುತ್ತಿತ್ತು. ಉಳಿದದ್ದೆಲ್ಲ ಹಾಗೇ ಇದ್ದಿದ್ದರೆ ಮೇಲಿನ ಹೆಸರು ಇಂಟರ್‌ನದು. ಲುಕಾಕುವಿನ ಆ ಒಂದು ಹೆಡರಿನ ಬೆಲೆ ಇಷ್ಟು. ಇದು ಗೊತ್ತಾದ ಮೇಲೆ ಕಪ್ಪು, ಪೊಟ್ಟಣಗಳನ್ನು ಇಟ್ಟುಕೊಂಡು ಜಗಳವಾಡುವವರ ಮೇಲೆ ನನ್ನ ಸಿಟ್ಟು ಇಳಿದುಹೋಯಿತು.

ಹಳೆಯ ಲೆಕ್ಕ ತೆಗೆದರೆ ಹಳೆಯ ಪಂದ್ಯವೂ ಏಳುತ್ತದೆ. 1988ರ ಮೇ 1. ಲೀಗ್‌ನಲ್ಲಿ ಆಗ 16 ತಂಡ, 30 ಪಂದ್ಯ. ಇನ್ನು ಮೂರೇ ಪಂದ್ಯ ಉಳಿದಿವೆ. ಮರಡೋನಾನ ನಾಪೋಲಿ ಒಂದು ಅಂಕದಿಂದ ಮುಂದಿದೆ. ಮಿಲಾನ್ ತಂಡ ನೇಪಲ್ಸಿನ ಸ್ಯಾನ್ ಪಾವೊಲೊ ಅಂಗಳಕ್ಕೆ ಬಂದಿದೆ. ಅದರ ತರಬೇತುದಾರ ಅರಿಗೊ ಸಾಕಿ ಎಂದೂ ವೃತ್ತಿಪರ ಆಟಗಾರನಾಗಿರದವನು, ಹಿಂದೆ ಅಪ್ಪನ ಶೂ ಕಾರ್ಖಾನೆಯಲ್ಲಿ ದುಡಿದವನು. ಹೊರಗೆ ಹೋದಾಗ ಬಾಗಿಲು ಭದ್ರ ಮಾಡಿಕೊಂಡು ಒಂದು ಅಂಕ ತರುವುದು ಆ ನಾಡಿನ ಸಂಪ್ರದಾಯ. ಸಾಕಿ ತನ್ನವರನ್ನು ಪರವೂರಿನಲ್ಲೂ ಮುಂದಕ್ಕೇ ತಳ್ಳಿದ. ನಾಲ್ಕು ಜನರ ರಕ್ಷಣಾ ಸಾಲು ಬಹಳ ಮುಂದೆ, ಇಡೀ ತಂಡ ಚೆಂಡಿನ ಸುತ್ತ ಒತ್ತಾಗಿ. ಮಿಲಾನಿನ ವಿರ್ದಿಸ್ ಗೋಲು ಹೊಡೆದ. ಅರ್ಧವೇಳೆಗೆ ಸ್ವಲ್ಪ ಮುಂಚೆ ಮರಡೋನಾ ಫ್ರೀ ಕಿಕ್‌ನಲ್ಲಿ ಸಮ ಮಾಡಿದ. ಆಮೇಲೆ ಮತ್ತೆ ವಿರ್ದಿಸ್, ಆಮೇಲೆ ಗುಲ್ಲಿಟ್ ಓಡಿ ಕೊಟ್ಟ ಪಾಸಿಗೆ, ಗಾಯದಿಂದ ಬಹುಕಾಲ ಹೊರಗಿದ್ದು ಬದಲಿಯಾಗಿ ಇಳಿದಿದ್ದ ವಾನ್ ಬಾಸ್ಟೆನ್. ನಾಪೋಲಿಯ ಕಾರೆಕಾ ಒಂದನ್ನು ಹಿಂದಿರುಗಿಸಿದ. 3-2, ಗೆದ್ದದ್ದು ಮಿಲಾನ್. ಪಂದ್ಯ ಮುಗಿದಾಗ ನೇಪಲ್ಸಿನ ಜನ ಎದ್ದು ನಿಂತು ತಮ್ಮ ಕೈಯಿಂದ ಪ್ರಶಸ್ತಿ ಕಸಿದವರಿಗೆ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯನ್ನು ಒಳ್ಳೆಯತನ ಎಂದು ಹೊಗಳಿದರೆ ಅದಕ್ಕೆ ಅನ್ಯಾಯ ಮಾಡಿದಂತೆ. ಅದು ತಿಳಿವಳಿಕೆ. ಯಾವ ಆಟಗಾರ ಯಾವಾಗ ಎಲ್ಲಿ ನಿಂತಿದ್ದ, ಯಾಕೆ ತಮ್ಮವರಿಗೆ ಉಸಿರಾಡಲು ಜಾಗ ಸಿಗಲಿಲ್ಲ ಎಂದು ಕಂಡುಕೊಂಡವರಷ್ಟೇ ಹಾಗೆ ತಟ್ಟಬಲ್ಲರು. ಪೊಟ್ಟಣ ಜೋಡಿಸಿ ಜಗಳವಾಡುವ ಅಭ್ಯಾಸ ಇರುವ ಊರಿಗೆ ಮಾತ್ರ ಆ ಚಪ್ಪಾಳೆ ಸಾಧ್ಯ. ಇನ್ನೊಂದು ಸೊಗಸೂ ಇದೆ. ಮಿಲಾನ್ ಆ ಸಲ 45 ಅಂಕದಲ್ಲಿ ಚಾಂಪಿಯನ್ ಆಯಿತು. 15 ತವರು ಗೆಲುವಿಗೆ 30, 15 ಹೊರಗಿನ ಡ್ರಾಗೆ 15: ಸೊನ್ನೆಯ ಗೆರೆಯೂ 45ಕ್ಕೇ. ಕೂಡಿದ್ದೂ ಕಳೆದದ್ದೂ ಸರಿಸಮ. ಪ್ರಶಸ್ತಿ ಖಚಿತವಾದದ್ದು ಕೋಮೊ ಊರಿನಲ್ಲಿ ಆಡಿದ 1-1 ಡ್ರಾದಲ್ಲಿ.

ಇಂಥ ಡ್ರಾ ನಾಪೋಲಿಗೂ ಒಲಿಯಿತು. 2023ರ ಮೇ 4ರಂದು ಉದಿನೆಯಲ್ಲಿ ಒಸಿಮ್ಹೆನ್ ಹೊಡೆದ ಗೋಲಿನಿಂದ 1-1 ಆಗಿ, 33 ವರ್ಷಗಳ ಬಳಿಕ ಪ್ರಶಸ್ತಿ ನೇಪಲ್ಸಿಗೆ ಬಂತು. ಆ ರಾತ್ರಿ ಹತ್ತಾರು ಸಾವಿರ ಜನ ಮರಡೋನಾ ಹೆಸರಿನ ತಮ್ಮ ಕ್ರೀಡಾಂಗಣದಲ್ಲಿ ಕೂತು ದೊಡ್ಡ ಪರದೆಯ ಮೇಲೆ ಪಂದ್ಯ ನೋಡಿದರು. ಹೊರಗೆ ಹೋಗಿ ನೋಡುವುದಕ್ಕೆ ಮಾತ್ರ ಅದೇ ವರ್ಷ ಅಡ್ಡಿಯೂ ಬಂದಿತ್ತು. ಜನವರಿಯಲ್ಲಿ ಅರೆಜ್ಜೊ ಬಳಿಯ ಹೆದ್ದಾರಿಯಲ್ಲಿ ರೋಮಾ ಮತ್ತು ನಾಪೋಲಿ ಬೆಂಬಲಿಗರು ಹೊಡೆದಾಡಿಕೊಂಡರು. ಸರ್ಕಾರ ಎರಡೂ ತಂಡಗಳ ಬೆಂಬಲಿಗರು ಎರಡು ತಿಂಗಳು ಪರವೂರಿನ ಪಂದ್ಯಗಳಿಗೆ ಹೋಗದಂತೆ ಮಾಡಿತು. ಹೆದ್ದಾರಿಯಲ್ಲಿ ದೊಣ್ಣೆ ಹಿಡಿದವರಿಗೆ ಶಿಕ್ಷೆಯಾಗಲೇಬೇಕು. ಆದರೆ ಹೊಡೆದಾಡದ ಸಾವಿರಾರು ಜನರಿಗೂ ಬಾಗಿಲು ಮುಚ್ಚುವುದು ನನಗೆ ಸರಿಕಾಣುವುದಿಲ್ಲ. ಪರವೂರಿನ ಗೆಲುವೇ ಲೀಗಿನ ನಿಜವಾದ ಗಳಿಕೆಯಾಗಿರುವಾಗ, ಅದನ್ನು ಕಣ್ಣಾರೆ ಕಾಣುವ ಹಕ್ಕು ಶಾಂತವಾಗಿ ಟಿಕೆಟ್ ಕೊಂಡವನಿಗೆ ಇರಲೇಬೇಕು.

ಗುಲಾಬಿ ಪತ್ರಿಕೆಯವರು ಆ ಕಾಲಮ್ಮನ್ನು ಮತ್ತೆ ಅಚ್ಚು ಹಾಕಲಿ. ಒಂದು ಅಂಗುಲ ಜಾಗ ಸಾಕು. ಅಲ್ಲಿಯವರೆಗೆ, ಇಟಲಿಯ ಲೀಗ್ ಸೀರಿ ಎ ನೋಡಲು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಚಳಿಗಾಲದ ರಾತ್ರಿ ಒಂದೂಕಾಲಕ್ಕೆ ಎಚ್ಚರವಾಗಿರುವ ನೀವು ಈ ಲೆಕ್ಕವನ್ನು ನೀವೇ ಹಾಕಿ. ಅಂಕಪಟ್ಟಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಿ: ತವರಿನ ಗೆಲುವಿಗೆ ಸೊನ್ನೆ, ಪರವೂರಿನ ಗೆಲುವಿಗೆ ಈಗ ಎರಡು.