ದೇವಜನರು ಯಾರು?

ನವೆಂಬರ್ 1 ನಮಗೆ ರಾಜ್ಯೋತ್ಸವವೂ ಹೌದು, ಸಕಲ ಸಂತರ ದಿನವೂ ಹೌದು. ಸಂತರೆಂದರೆ ದೇವಾಲಯದ ಚಿತ್ರಪಟಗಳಲ್ಲಿರುವವರೆಂದೇ ನಾನು ಭಾವಿಸಿದ್ದೆ. ಆದರೆ ಪೌಲನು ಫಿಲಿಪ್ಪಿಯವರಿಗೆ ಬರೆಯುವಾಗ ಸಭಾಧ್ಯಕ್ಷರಿಗಿಂತ ಮೊದಲು ಸಾಮಾನ್ಯ ವಿಶ್ವಾಸಿಗಳನ್ನು ‘ದೇವಜನರು’ ಎಂದು ಸಂಬೋಧಿಸುತ್ತಾನೆ. ಕೊರಿಂಥದವರನ್ನೂ ಹಾಗೆಯೇ ಕರೆಯುತ್ತಾನೆ. ಅವರೋ ಸಹೋದರರ ಮೇಲೆಯೇ ನ್ಯಾಯಾಲಯಕ್ಕೆ ಹೋದವರು!

ಅದನ್ನು ಓದಿ ತಲೆತಗ್ಗಿಸಿದೆ. ತಂದೆಯ ಮನೆಗಾಗಿ ಅಣ್ಣನ ಮೇಲೆ ದಾವೆ ಹೂಡಿದವನು ನಾನು. ಹುಬ್ಬಳ್ಳಿಯಿಂದ ಧಾರವಾಡದ ಕೋರ್ಟಿಗೆ ಪ್ರತಿ ವಾಯಿದೆಗೂ ತಪ್ಪದೆ ಹೋಗುತ್ತಿದ್ದೆ. ಅದೇ ಊರಿನ ಅಣ್ಣನ ಮನೆಗೆ ಆರು ವರ್ಷ ಕಾಲಿಟ್ಟಿರಲಿಲ್ಲ.

ಪಾವಿತ್ರ್ಯವು ನಾವು ಗಳಿಸುವ ಬಿರುದಲ್ಲ, ದೇವರು ಮೊದಲೇ ಇಟ್ಟ ಹೆಸರು. ಆ ಹೆಸರಿಗೆ ತಕ್ಕಂತೆ ಬಾಳುವುದು ನಮ್ಮ ಪಾಲಿನ ಕೆಲಸ.

ದಾವೆಯನ್ನು ಹಿಂತೆಗೆದುಕೊಂಡು ಅಣ್ಣನ ಬಾಗಿಲು ತಟ್ಟಿದೆ. ಅತ್ತಿಗೆ ಚಹಾ ಕೊಟ್ಟರು. ಅಣ್ಣ ಇನ್ನೂ ಮಾತನಾಡಿಲ್ಲ, ಮತ್ತೆ ಹೋಗುವೆನು. ನೀವು ಯಾರ ಬಾಗಿಲು ತಟ್ಟಬೇಕಾಗಿದೆ?